ಗಂಗಕ್ಕನ ಜಗಲಿಯ ಮಣೆ

ಗಂಗಕ್ಕ ಮಕ್ಕಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ಅಪ್ಪ ಅಮ್ಮಂದಿರನ್ನು ಏಕವಚನದಲ್ಲಿ. ಮೂಗು ಸೋರಿಸಿಕೊಂಡು ಬಂದ ಎರಡು ವರ್ಷದ ಪೋರನಿಗೆ ‘ಬನ್ನಿ ಸ್ವಾಮಿ, ಮೂಗು ಒರೆಸ್ಕಳಿ’. ಅವನನ್ನು ಕಾರಿನಿಂದ ಇಳಿಸಿದ ಇಂಜಿನಿಯರ್ ಅಪ್ಪನಿಗೆ ‘ಏನ್ಲಾ, ಊಟದ ಡಬ್ಬಿ ಎಲ್ಲಿ?’ ಮೊದಮೊದಲು ಕೆಲವರು ಮುಖ ಸಿಂಡರಿಸಿದರು. ಆಮೇಲೆ ಒಬ್ಬೊಬ್ಬರೇ ದಾರಿಗೆ ಬಂದರು. ತಿಪಟೂರಿನಲ್ಲಿ ಮಕ್ಕಳನ್ನು ಬಿಡಲು ಬೇರೆ ಜಾಗಗಳೂ ಇದ್ದವು. ಗೋಡೆಗೆ ಜಿರಾಫೆ ಬರೆಸಿ, ಮೂಲೆಮೂಲೆಗೆ ಕ್ಯಾಮೆರಾ ಹಾಕಿಸಿದಂಥವು. ಅಲ್ಲಿಗೆ ಹೋಗುವಾಗ ಮಕ್ಕಳು ಅಳುತ್ತಿದ್ದವು, ಗಂಗಕ್ಕನ ಮನೆಯಿಂದ ಹೊರಡುವಾಗ ಅಳುತ್ತಿದ್ದವು. ನಮಗೆ ಇನ್ನೇನು ಸರ್ಟಿಫಿಕೇಟ್ ಬೇಕಿತ್ತು ಹೇಳಿ.

ನಾನು ಲೈನ್‌ಮನ್. ತೆಂಗಿನ ಸೀಮೆಯ ಲೈನ್‌ಮನ್ ಪಾಡು ಯಾರಿಗೂ ಬೇಡ. ಬೇರೆ ಕಡೆ ಮರ ಬಿದ್ದರೆ ಕರೆಂಟ್ ಹೋಗುತ್ತದಂತೆ, ನಮ್ಮಲ್ಲಿ ತಂತಿಯ ಮೇಲೆ ಒಂದು ಗರಿ ಬಿದ್ದರೆ ಸಾಕು. ಮರಕ್ಕೆಷ್ಟು ಗರಿ, ತೋಟಕ್ಕೆಷ್ಟು ಮರ, ನೀವೇ ಲೆಕ್ಕ ಹಾಕಿಕೊಳ್ಳಿ. ಮೋಡ ಕಟ್ಟಿದ ಕೂಡಲೇ ಊರಿನ ಜನವೆಲ್ಲ ಮನೆ ಸೇರುತ್ತಾರೆ, ನಾನು ಆಗ ಕಂಬದ ಕಡೆ ಹೊರಡುತ್ತೇನೆ. ಹೆಂಡತಿ ಸುಧಾ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್, ಅವಳ ಪಾಳಿ ಮುಗಿಯುವುದು ಒಂಬತ್ತಕ್ಕೆ. ಹಾಗಾಗಿ ಮೂರು ವರ್ಷದ ಮಗಳು ಇಂಚರಳನ್ನು ಸಂಜೆ ಆರಕ್ಕೆ ಗಂಗಕ್ಕನ ಮನೆಯಿಂದ ಕರೆತರುವುದು ನನ್ನ ಪಾಲಿಗೆ ಬಂದ ಕೆಲಸ. ಬಿಸಿಲಿದ್ದ ದಿನ ಆರಕ್ಕೆ ಮುಂಚೆಯೇ ಗೇಟಿನ ಮುಂದೆ ಹಾಜರ್. ಮಳೆ ಬಂತೋ, ಮುಗೀತು ಕಥೆ.

ಗಂಗಕ್ಕನ ಪೂರ್ತಿ ಹೆಸರು ಶಿವಗಂಗಮ್ಮ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದು ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಸುಮ್ಮನೆ ಕೂತರೆ ಕಾಲು ಹಿಡಿದುಕೊಳ್ಳುತ್ತದೆ ಅಂತ ಬಾಡಿಗೆ ಮನೆಯಲ್ಲೇ ಹತ್ತು ಹನ್ನೆರಡು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ನಾವು ಸೇರಿದ ಹೊಸತರಲ್ಲಿ ತಡವಾಗಿ ಬಂದವರಿಗೆ ಅಲ್ಲಿ ಐವತ್ತು ರೂಪಾಯಿ ದಂಡವಿತ್ತು. ಯಾರೋ ಓದಿದವರು ಕೊಟ್ಟ ಸಲಹೆಯಂತೆ. ದಂಡ ಬಂದದ್ದೇ ತಡ, ಜನ ಇನ್ನಷ್ಟು ತಡ ಮಾಡತೊಡಗಿದರು. ಮೊದಲು ಏದುಸಿರು ಬಿಡುತ್ತಾ ಓಡಿ ಬಂದು ‘ತಪ್ಪಾಯ್ತು ಕಣಕ್ಕಾ’ ಅನ್ನುತ್ತಿದ್ದವರು ಈಗ ಹೋಟೆಲಿನಲ್ಲಿ ಸಾವಕಾಶವಾಗಿ ಕಾಫಿ ಕುಡಿದು ಬಂದು ನೋಟು ಚಾಚುತ್ತಿದ್ದರು.

ಇದಕ್ಕೆ ಕಳಶವಿಟ್ಟವನು ಕೊಬ್ಬರಿ ಮಂಡಿಯ ರೇಣುಕಣ್ಣ. ಮುಂಗಾರು ಶುರುವಾದ ದಿನ ಬಂದು ನೋಟುಗಳನ್ನು ಗಂಗಕ್ಕನ ಮುಂದಿಟ್ಟ. ‘ಮಳೆಗಾಲ ಬಂತು ಕಣಕ್ಕಾ. ತಿಂಗಳದ್ದೆಲ್ಲ ಒಟ್ಟಿಗೇ ಇಟ್ಕಂಡ್ಬುಡು. ದಿನಾ ಚಿಲ್ಲರೆ ಯಾರ್ ಕೊಡ್ತಾರೆ’ ಅಂದ. ತಡವಾಗಿ ಬರುವುದಕ್ಕೆ ಅಡ್ವಾನ್ಸ್! ಗಂಗಕ್ಕ ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದರು.

‘ಲೇ ರೇಣುಕ, ನಾನೆಲ್ಲಿ ಕಾಯ್ತೀನ್ಲಾ? ಕಾಯೋರು ನಿನ್ ಮಗ. ಕಿಟಕಿ ಸರಳು ಹಿಡ್ಕಂಡು ನಿಂತಿರ್ತಾರೆ. ದುಡ್ಡ ಅವ್ರಿಗೇ ಕೊಡು, ಏನಂತಾರೋ ನೋಡಾನ.’

ರೇಣುಕಣ್ಣ ನಗುತ್ತಾ ಒಂದು ನೋಟನ್ನು ಮಗನ ಕೈಗೆ ಕೊಟ್ಟ. ಮಗರಾಯ ಅದನ್ನು ಎರಡು ಕಡೆಯೂ ತಿರುಗಿಸಿ ನೋಡಿ, ಸೀದಾ ಹೋಗಿ ಮಳೆನೀರು ಹರಿಯುತ್ತಿದ್ದ ಚರಂಡಿಗೆ ದೋಣಿ ಬಿಟ್ಟ. ಇನ್ನೊಂದು ಕೊಡಪ್ಪಾ ಅಂತ ಕೈಯನ್ನೂ ಚಾಚಿದ. ನೋಟಿನ ಹಿಂದೆ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ ರೇಣುಕಣ್ಣನನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.

ಮಾರನೇ ದಿನ ದಂಡ ರದ್ದಾಗಿತ್ತು. ಜಗಲಿಯ ಮೇಲೆ ಹಲಸಿನ ಮರದ ಒಂದು ಹಳೇ ಮಣೆ ಬಂದು ಕೂತಿತ್ತು, ಊಟಕ್ಕೆ ಹಾಕುವಂಥದ್ದು. ಗಂಗಕ್ಕ ಹೊಸ ಕಾನೂನು ಹೇಳಿದರು. ತಡವಾಗಿ ಬಂದವರು ಆ ಮಣೆಯ ಮೇಲೆ ಕೂರಬೇಕು. ಎದುರಿಗೆ ಅವರ ಮಗು ನಿಂತಿರುತ್ತದೆ. ಯಾಕೆ ತಡವಾಯಿತು ಅಂತ ಮಗುವಿಗೆ ತಿಳಿಯುವ ಹಾಗೆ ಹೇಳಬೇಕು. ಮಗು ‘ಆಯ್ತು, ಏಳು’ ಅನ್ನುವ ತನಕ ಏಳುವಂತಿಲ್ಲ. ಮಳೆ, ಬಿಸಿಲು, ಸಾಹೇಬರು, ಜವಾನರು ಅಂತ ಯಾರಿಗೂ ವಿನಾಯಿತಿ ಇಲ್ಲ.

ನಾನು ಮೊದಲ ಸಲ ಕೂತದ್ದು ಒಂದು ಜಡಿಮಳೆಯ ಸಂಜೆ. ಶೆಟ್ಟಿಕೆರೆ ದಾರಿಯಲ್ಲಿ ಲೈನಿನ ಮೇಲೆ ಗರಿ ಬಿದ್ದಿತ್ತು. ಮೈಯೆಲ್ಲ ಕೆಸರು, ಹೊಟ್ಟೆಯಲ್ಲಿ ಹಸಿವು, ಅದರ ಮೇಲೆ ಈ ಪಂಚಾಯ್ತಿ. ‘ಮಳೆ ಕಣಕ್ಕಾ, ಕಾಣಲ್ವಾ?’ ಅಂತ ರೇಗಿದೆ.

‘ಕರೆಂಟಪ್ಪ, ಮಳೆ ನನ್ನ ಹಂಚಿನ್ ಮೇಲೂ ಬಿದ್ದದೆ’ ಅಂದರು ಗಂಗಕ್ಕ. ಅವರು ನನಗಿಟ್ಟ ಹೆಸರು ಅದು. ‘ಮಳೆ ಬಂದಾಗ ನೀನೇನ್ ಮಾಡ್ತಿದ್ದೆ ಅದ್ನ ಹೇಳು. ನಂಗಲ್ಲ, ಇಂಚರಮ್ಮೋರಿಗೆ.’

ಕೂತೆ. ಮಣೆಯ ಮೇಲೆ ಕೂತರೆ ಮಗಳ ಮುಖ ನನ್ನ ಮುಖಕ್ಕೆ ಸರಿಸಮ. ಅಷ್ಟು ಹೊತ್ತು ಅತ್ತು ಬತ್ತಿದ ಕಣ್ಣು ಹತ್ತಿರದಿಂದ ಕಂಡಿತು. ನನ್ನ ರೇಗಾಟವೆಲ್ಲ ಇಳಿದುಹೋಯಿತು. ಗರಿ ಬಿದ್ದದ್ದು, ಕತ್ತಲಲ್ಲಿ ಕಂಬ ಹುಡುಕಿದ್ದು, ಹಗ್ಗ ಕಟ್ಟಿಕೊಂಡು ಹತ್ತಿದ್ದು, ಕೆಳಗೆ ನಾಯಿಯೊಂದು ನನ್ನನ್ನೇ ನೋಡಿ ಬೊಗಳಿದ್ದು, ಎಲ್ಲ ಹೇಳಿದೆ. ಮೇಷ್ಟ್ರ ಹಾಗೆ ಕೈಕಟ್ಟಿ ಕೇಳಿದ ಇಂಚರ ಒಂದೇ ಪ್ರಶ್ನೆ ಕೇಳಿದಳು.

‘ಬಿದ್ದಿಲ್ವಾ ಅಪ್ಪಾ?’

‘ಇಲ್ಲ ಮಗಾ.’

‘ಆಯ್ತು, ಏಳು.’

ಆಮೇಲಾಮೇಲೆ ನನಗೆ ಆ ಮಣೆ ರೂಢಿಯಾಯಿತು, ಇಷ್ಟವೂ ಆಯಿತು. ಬೇರೆ ಮಕ್ಕಳೂ ನನ್ನ ಕಂಬದ ಕಥೆ ಕೇಳಲು ಸುತ್ತ ಕೂರುತ್ತಿದ್ದವು. ಕಥೆಗೆ ನಾನು ಒಂದೆರಡು ಹಾವು ಸೇರಿಸುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಂಥ ಸಂಜೆಗಳಲ್ಲಿ ಕತ್ತಲಾದ ಮನೆಯಲ್ಲಿ ಮಕ್ಕಳನ್ನು ಸಮಾಧಾನ ಮಾಡಲು ಗಂಗಕ್ಕ ಒಂದು ಉಪಾಯವನ್ನೂ ಕಂಡುಕೊಂಡಿದ್ದರು. ‘ಕರೆಂಟ್ ಬಂತು ಅಂದ್ರೆ ಇಂಚರಮ್ಮೋರ ಅಪ್ಪ ಕಂಬ ಇಳಿದ್ರು ಅಂತ. ಇಳಿದ್ರೆ ಬಂದಂಗೇ’ ಅನ್ನುತ್ತಿದ್ದರು. ಬಲ್ಬು ಹತ್ತಿದ ಕೂಡಲೇ ಅಷ್ಟೂ ಮಕ್ಕಳು ‘ಇಳಿದ್ರು! ಇಳಿದ್ರು!’ ಅಂತ ಕೂಗುತ್ತಿದ್ದವಂತೆ. ಇಂಚರ ಚಪ್ಪಲಿ ಹಾಕಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳಂತೆ. ಬಹಳ ಸಲ ಅದು ನಿಜವೂ ಆಗುತ್ತಿತ್ತು.

ಒಂದು ಸಲ ಆಗಲಿಲ್ಲ. ಬೇಸಿಗೆಯ ಕೊನೆಗೆ ಬರುವ ಹುಚ್ಚು ಗಾಳಿಮಳೆ. ಊರೊಳಗೂ ಕರೆಂಟ್ ಹೋಯಿತು, ಕಿಬ್ಬನಹಳ್ಳಿ ಕಡೆಗೂ ಹೋಯಿತು. ನನ್ನನ್ನು ಕಿಬ್ಬನಹಳ್ಳಿಗೆ ಅಟ್ಟಿದರು. ಊರಿನ ಲೈನನ್ನು ಬೇರೆಯವರು ಬೇಗ ಸರಿಮಾಡಿಬಿಟ್ಟರು. ನಾನಿನ್ನೂ ಅಲ್ಲಿ ಕಂಬದ ಮೇಲೆ, ಫೋನು ನೀರು ಕುಡಿದು ಜೇಬಿನಲ್ಲಿ ಮಲಗಿತ್ತು. ಗಂಗಕ್ಕನ ಮನೆಯಲ್ಲಿ ಬಲ್ಬು ಹತ್ತಿದೆ, ಮಕ್ಕಳು ಕೂಗಿವೆ, ಇಂಚರ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಅಪ್ಪ ಬಂದಿಲ್ಲ. ಉಳಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮನೆಗೆ ಹೋಗಿದ್ದಾರೆ. ಒಳಗೆ ಬನ್ನಿ ಅಂದರೆ ಬರಲೊಲ್ಲಳು, ಅನ್ನ ತಿನ್ನಲೊಲ್ಲಳು.

ಎಂಟರ ಹೊತ್ತಿಗೆ ನಾನು ಬಂದಾಗ ಅವಳು ಚಪ್ಪಲಿ ಕಾಲಲ್ಲೇ ಹೊಸ್ತಿಲ ಮೇಲೆ ಕೂತಿದ್ದಳು. ಯಾರೂ ಹೇಳುವ ಮುಂಚೆಯೇ ನಾನು ಮಣೆಯ ಮೇಲೆ ಕೂತು ಕಥೆ ಶುರು ಮಾಡಿದೆ. ಅವಳು ಮುಖ ತಿರುಗಿಸಿದಳು. ಬಿದ್ದಿಲ್ವಾ ಅಂತ ಕೇಳಲಿಲ್ಲ.

‘ಕರೆಂಟ್ ಬಂತು. ನೀನು ಬರ್ಲಿಲ್ಲ’ ಅಂದಳು. ‘ಬಿದ್ದೋಗಿದ್ದೆ ನೀನು.’

ಅಷ್ಟು ಹೊತ್ತೂ ಆ ಮಗು ಅಪ್ಪ ಕಂಬದಿಂದ ಬಿದ್ದನೆಂದೇ ತಿಳಿದು ಕೂತಿತ್ತು. ಎತ್ತಿಕೊಳ್ಳಲು ಹೋದೆ, ಕೈ ಕೊಡವಿದಳು. ಇದ್ದೀನಲ್ಲೇ, ಬಂದಿದ್ದೀನಲ್ಲೇ ಅಂದರೂ ನಂಬುವ ಹಾಗೆ ಕಾಣಲಿಲ್ಲ. ಇನ್ನು ಮೇಲೆ ನಾನು ಬರುತ್ತೇನೆ ಅಂದರೆ ಈ ಹುಡುಗಿ ನಂಬುತ್ತಾಳೋ ಇಲ್ಲವೋ ಅಂತ ಭಯವಾಯಿತು.

ಆಗ ಗಂಗಕ್ಕ ನನ್ನ ಭುಜ ತಟ್ಟಿದರು. ‘ಏಳಪ್ಪ. ಈ ಸಲ ಮಣೆ ನಂದು.’

ನಾನು ಎದ್ದೆ. ನೋಯುವ ಕಾಲು ಮಡಿಸಿ, ಗೋಡೆ ಹಿಡಿದು, ಅಮ್ಮಾ ಶಿವನೇ ಅನ್ನುತ್ತಾ ಅವರು ಮಣೆಯ ಮೇಲೆ ಕೂತರು. ಮಗುವಿನ ಎರಡೂ ಕೈ ಹಿಡಿದುಕೊಂಡರು.

‘ಇಂಚರಮ್ಮೋರೇ, ತಪ್ಪು ನಿಮ್ಮಪ್ಪಂದಲ್ಲ. ಕರೆಂಟ್ ಬಂದ್ರೆ ಅಪ್ಪ ಬಂದಂಗೆ ಅಂದೋಳು ನಾನು. ಕಂಬ ಒಂದೇ ಅಲ್ಲ ಕಣಮ್ಮ, ಊರ್ ತುಂಬಾ ಅವೆ. ಹತ್ತೋರೂ ಬೇಜಾನ್ ಜನ ಅವ್ರೆ. ನಂಗ್ ಗೊತ್ತಿತ್ತು. ನೀವು ಅಳ್ತಿದ್ರಿ, ಅದ್ಕೆ ಅಂಗಂದ್ಬುಟ್ಟೆ. ನಂಬಿ ಕೂತ್ರಿ ನೀವು. ತಪ್ಪಾಯ್ತು.’

ಅರವತ್ತು ದಾಟಿದ ಹೆಂಗಸು ನಾಲ್ಕೂ ತುಂಬದವಳ ಮುಂದೆ ಕೂತು, ಅವಳು ಬಾಯಿ ಬಿಡುವುದನ್ನೇ ಕಾಯುತ್ತಿದ್ದರು. ಕೊನೆಗೆ ಇಂಚರ ‘ಆಯ್ತು, ಏಳಜ್ಜಿ’ ಅಂದಳು. ಅಜ್ಜಿಗೆ ಏಳಲಾಗದೆ ನಾನೊಂದು ಕೈ, ಅವಳೊಂದು ಕೈ ಹಿಡಿದು ಎಬ್ಬಿಸಿದೆವು. ಅನ್ನಸಾರು ಅಲ್ಲೇ ಉಂಡೆವು, ಮೂರೂ ಜನ.

ಇಂಚರ ಶಾಲೆಗೆ ಸೇರಿದ ಎರಡು ವರ್ಷಕ್ಕೆ ಗಂಗಕ್ಕನ ಕಾಲು ಪೂರಾ ಮುಷ್ಕರ ಹೂಡಿತು. ತುರುವೇಕೆರೆ ಕಡೆಯ ಸಂಪಿಗೆ ಊರಿನಲ್ಲಿದ್ದ ಅವರ ತಮ್ಮ ಟೆಂಪೋ ತಂದು ಸಾಮಾನು ತುಂಬಿಸಿದ. ಮಣೆಯನ್ನು ಮಾತ್ರ ಗಂಗಕ್ಕ ತುಂಬಿಸಲು ಬಿಡಲಿಲ್ಲ. ‘ಇದು ನಿಮ್ ಮನೇಲಿರ್ಲಿ. ನಿಮ್ಮಪ್ಪ ಸುಧಾರ್ಸೋ ಗಿರಾಕಿ ಅಲ್ಲ’ ಅಂತ ಇಂಚರಳ ಕೈಗೆ ಕೊಟ್ಟರು.

ಹೋದ ಮೇಲೆ ಫೋನು ಶುರುವಾಯಿತು. ಮಳೆ ಬಂದು ಸಂಪಿಗೆಯಲ್ಲಿ ಕರೆಂಟ್ ಹೋಗಿ ಬಂದರೆ ಸಾಕು, ನನ್ನ ಜೇಬು ಕೂಗುತ್ತಿತ್ತು. ‘ಕರೆಂಟ್ ಬಂತು ಕಣಪ್ಪ. ಇಳಿದ್ಯಾ?’

‘ಅಕ್ಕಾ, ಸಂಪಿಗೆ ಕರೆಂಟು ತುರುವೇಕೆರೆಯವರದು. ನಂಗೂ ಅದಕ್ಕೂ ಸಂಬಂಧ ಇಲ್ಲ ಅಂತ ಎಷ್ಟು ಸಲ ಹೇಳ್ಲಿ?’

‘ಯಾರ್ದಾದ್ರೂ ಇರ್ಲಿ ಬುಡು. ನೀನು ಇಳಿದ್ಯೋ ಇಲ್ವೋ, ಅದ್ಹೇಳು.’

‘ಇಳಿದೆ ಕಣಕ್ಕ.’

‘ಸರಿ, ಮನೆಗ್ ನಡಿ. ಮಗು ಕಾಯ್ತಿರ್ತಾರೆ.’ ಅಷ್ಟೇ, ಫೋನು ಕಟ್. ಎಷ್ಟೋ ಸಲ ಫೋನು ಬಂದಾಗ ನಾನು ಕಂಬದ ಮೇಲೇ ಇರುತ್ತಿದ್ದೆ, ಎತ್ತಲಾಗುತ್ತಿರಲಿಲ್ಲ. ಆಗ ಕೆಲಸ ಮುಗಿಸಿ, ಇಳಿದ ಮೇಲೆ ತಿರುಗಿ ಮಾಡುತ್ತಿದ್ದೆ. ಮಾಡದಿದ್ದರೆ ಅವರು ಮಲಗುತ್ತಿರಲಿಲ್ಲ ಅಂತ ಅವರ ತಮ್ಮ ಹೇಳಿದ. ಅದು ಗಂಗಕ್ಕ ತೀರಿಕೊಂಡ ದಿನ ಅವನು ಹೇಳಿದ ಮಾತು, ಹೋದ ಚಳಿಗಾಲದಲ್ಲಿ.

ಈ ವರ್ಷದ ಮೊದಲ ಮಳೆ ಹದಿನೈದು ದಿನದ ಹಿಂದೆ ಬಂತು. ಎಂದಿನಂತೆ ಗರಿ ಬಿತ್ತು, ನಾನು ಹತ್ತಿದೆ, ಕರೆಂಟ್ ಕೊಟ್ಟು ಇಳಿದೆ. ಕೈ ತಾನಾಗಿ ಜೇಬಿಗೆ ಹೋಗಿ ಫೋನು ತೆಗೆಯಿತು. ಅದನ್ನು ತಿರುಗಿ ಜೇಬಿಗಿಟ್ಟೆ. ಆಮೇಲೆ ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ತೋಟದ ಕಡೆ ತಿರುಗಿ, ಬಾಯಿಬಿಟ್ಟೇ ಹೇಳಿದೆ.

ಮನೆಗೆ ಬಂದಾಗ ಬಾಗಿಲಲ್ಲಿ ಮಣೆ ಹಾಕಿತ್ತು. ಇಂಚರ ಈಗ ಐದನೇ ಕ್ಲಾಸು. ನಾನು ಮಣೆಯ ಮೇಲೆ ಕೂತರೆ ಅವಳ ಮುಖ ಈಗ ನನಗಿಂತ ಎಷ್ಟೋ ಮೇಲೆ. ಕಾರಣ ಹೇಳಿದೆ. ಹಾವು ಸೇರಿಸಲಿಲ್ಲ.

‘ಬಿದ್ದಿಲ್ವಾ?’ ಅಂದಳು.

‘ಇಲ್ಲ.’

ಆಮೇಲೆ ಕೇಳಿದಳು, ‘ಅಜ್ಜಿಗೆ ಹೇಳಿದ್ಯಾ, ಇಳಿದೆ ಅಂತ?’

‘ಹೇಳ್ದೆ.’

‘ಆಯ್ತು, ಏಳು’ ಅಂದಳು.