ತುಳಸಿಯಮ್ಮ ತಿದ್ದಿದ ಜೆಟ್ ಸೀಟು

ಕ್ವಾಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನಲ್ಲಿ ಸೋಫಾಗಳಿಗೂ ಕಾರಿನ ಸೀಟುಗಳಿಗೂ ಹೊದಿಕೆ ಹೊಲಿಯುವ ತುಳಸಿಯಮ್ಮನಿಗೆ ಈಗ ಎಪ್ಪತ್ತೊಂಬತ್ತು ವರ್ಷ. ಕಳೆದ ತಿಂಗಳು ಅದೇ ಊರಿನ ಮಾಂಟ್ ಕಿಯಾರಾ ಬಡಾವಣೆಯಲ್ಲಿರುವ ಮೈಸೂರಿನ ಎಂಜಿನಿಯರ್ ಪೃಥ್ವಿ, ಗುಜರಿಯಲ್ಲಿ ಸಿಕ್ಕ ಹಳೆಯ ವಿಮಾನದ ಜೋಡಿ ಸೀಟನ್ನು ವ್ಯಾನಿನಲ್ಲಿ ತಂದು ಅವರ ಅಂಗಡಿ ಮುಂದೆ ಇಳಿಸಿದ.

"ಆಂಟಿ, ಇದು ವಿಮಾನದ್ದು. ನಿಮ್ ಕೈಲಿ ಆಗುತ್ತಾ?"

"ನಾನು ಕೆಲಸ ಕಲಿತದ್ದೇ ವಿಮಾನದಲ್ಲಿ ಮಾರಾಯ್ರೆ," ಎಂದರು ತುಳಸಿಯಮ್ಮ.

ಅದು ನಿಜ. ಮಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ ದರ್ಜಿಯ ಮಗಳಾದ ಆಕೆ, ಇಪ್ಪತ್ತನೆಯ ವಯಸ್ಸಿಗೆ ಸುಬಾಂಗ್ ವಿಮಾನ ನಿಲ್ದಾಣದಲ್ಲಿ ಒಂದು ವಿಮಾನ ಕಂಪನಿಯ ಹೊಲಿಗೆ ವಿಭಾಗಕ್ಕೆ ಸೇರಿದ್ದರು. ಆಗ ಜೆಟ್ ವಿಮಾನಗಳು ಹೊಸತು. ಹಳೆಯ ವಿಮಾನಗಳಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೆ, ಜೆಟ್‌ನಲ್ಲಿ ಲೋಟದ ಕಾಫಿ ಅಲುಗುವುದಿಲ್ಲವೆಂದು ಜನ ಬೆರಗಾಗುತ್ತಿದ್ದರು. ಆದರೂ ಕಾಲು ಜೋಮು ಹಿಡಿಯುತ್ತದೆ ಎಂಬ ದೂರುಗಳು ಬರುತ್ತಲೇ ಇದ್ದವು.

ಮೇಸ್ತ್ರಿ ತಿಮ್ಮಯ್ಯ ಕೊಡಗಿನವರು, ಆರಡಿಯ ಆಳು. ಸೀಟಿನಲ್ಲಿ ಕೂತು, ಎರಡೂ ಪಾದಗಳನ್ನು ನೆಲಕ್ಕೆ ಊರಿ, "ಸೀಟಲ್ಲಿ ಏನೂ ತಪ್ಪಿಲ್ಲ. ಜೋಮು ಹಿಡಿದ್ರೆ ಎದ್ದು ನಾಲ್ಕು ಹೆಜ್ಜೆ ಓಡಾಡ್ಲಿ," ಎಂದು ಮಾತು ಮುಗಿಸಿದರು.

ತುಳಸಿ ಐದಡಿಗೂ ಎರಡಂಗುಲ ಕಡಿಮೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದೇ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ತಾಗಲಿಲ್ಲ. ಸೀಟಿನ ಅಂಚು ಮೊಣಕಾಲಿನ ಹಿಂದೆ ಒತ್ತಿತು. ಅರ್ಧ ಗಂಟೆಯಲ್ಲಿ ಕಾಲಲ್ಲಿ ಇರುವೆ ಹರಿದಂತಾಯಿತು. ದೂರಿನ ಚೀಟಿಗಳನ್ನು ತೆಗೆದು ನೋಡಿದರೆ ಹೆಚ್ಚಿನವು ಹೆಂಗಸರದ್ದು. ಆ ಶನಿವಾರ ಯಾರನ್ನೂ ಕೇಳದೆ ಒಂದು ಸೀಟಿನ ಸ್ಪಂಜಿನ ಮುಂಭಾಗವನ್ನು ಇಳಿಜಾರಾಗಿ ಕತ್ತರಿಸಿ, ಅಂಚಿಗೆ ಮೆತ್ತನೆಯ ಸ್ಪಂಜು ಸೇರಿಸಿ ಹೊಲಿದುಬಿಟ್ಟಳು.

ಸೋಮವಾರ ತಿಮ್ಮಯ್ಯನವರ ಕಣ್ಣು ಕೆಂಪಾಯಿತು. "ಯಾರನ್ನ ಕೇಳಿ ಕತ್ತರಿ ಹಾಕ್ದೆ?"

"ಆಮೇಲೆ ಬೈಯಿರಿ ಸಾರ್. ಕಾಲಲ್ಲಿ ಇರುವೆ ಹರಿದ ಹಾಗಾಗುತ್ತದೆ. ಮೊದಲು ನನ್ನ ಹಾಗೆ ಕೂತು ನೋಡಿ."

ಅವಳು ಹಳೆಯ ಸೀಟೊಂದನ್ನು ಮರದ ಪೆಟ್ಟಿಗೆಗಳ ಮೇಲೆ ಏರಿಸಿ ಇಡಿಸಿದ್ದಳು. ತಿಮ್ಮಯ್ಯ ಪೇಪರ್ ಹಿಡಿದು ಠೀವಿಯಿಂದ ಏರಿ ಕೂತರು. ಅವರ ಉದ್ದನೆಯ ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಅರ್ಧ ಗಂಟೆ ಕಳೆದು ಇಳಿಯಹೋದವರು ಕಾಲು ನಿಲ್ಲದೆ ತುಳಸಿಯ ಮೇಜನ್ನೇ ತಬ್ಬಿಕೊಂಡರು. ಇಡೀ ವಿಭಾಗ ನಗು ತಡೆದುಕೊಂಡು ನಿಂತಿತ್ತು. ಮೊದಲು ನಕ್ಕವರು ತಿಮ್ಮಯ್ಯನವರೇ.

"ಇರುವೆ ಅಲ್ಲ ತುಳಸಿ, ಕಣಜದ ಹುಳು!" ಎಂದರು.

ಎಂಜಿನಿಯರುಗಳು ಪರೀಕ್ಷಿಸಿ ಒಪ್ಪಿದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುವ ವಿಮಾನದ ಮೂರು ಸಾಲಿಗೆ ಹೊಸ ಸೀಟು ಹಾಕಿದರು. ಗಗನಸಖಿ ಝುಬೇದಾ ವಾಪಸು ಬಂದವಳೇ ಹೊಲಿಗೆ ವಿಭಾಗಕ್ಕೆ ಓಡಿ ಬಂದು, "ಒಬ್ಬ ಅಜ್ಜಿ ಎಂಥಾ ನಿದ್ದೆ ಹೋದರು ಅಂದರೆ, ಇಳಿಸೋಕೆ ನಾವಿಬ್ಬರು ಎಬ್ಬಿಸಬೇಕಾಯ್ತು," ಎಂದು ಹೇಳಿದಳು. ವರ್ಷ ಕಳೆಯುವುದರೊಳಗೆ ಕಂಪನಿಯ ಎಲ್ಲ ಜೆಟ್‌ಗಳಲ್ಲೂ ಇಳಿಜಾರು ಸೀಟು ಬಂತು. ತುಳಸಿ ಆರು ಮಂದಿಗೆ ಮುಖ್ಯಸ್ಥೆಯಾದಳು. ತಿಮ್ಮಯ್ಯ ಹಟ ಹಿಡಿದು ಅವಳನ್ನೂ ಒಮ್ಮೆ ಹಾಂಗ್‌ಕಾಂಗ್‌ಗೆ ಹಾರಿಸಿದರು.

"ಮೋಡ ನೋಡಿದ್ರಾ ಆಂಟಿ?" ಕತೆ ಕೇಳುತ್ತಿದ್ದ ಪೃಥ್ವಿ ಕೇಳಿದ.

"ಎಲ್ಲಿಯ ಮೋಡ! ದಾರಿಯಿಡೀ ಪಕ್ಕದವರ ಕಾಲೇ ನೋಡ್ತಾ ಇದ್ದೆ."

ನಂತರ ತುಳಸಿಯಮ್ಮ ಅಳತೆ ಟೇಪು ತೆಗೆದರು. "ಇದರಲ್ಲಿ ಯಾರು ಕೂತುಕೊಳ್ಳುವುದು?"

"ಸುಮ್ನೆ ಶೋಗೆ. ಯಾರೂ ಕೂರಲ್ಲ."

"ಹಾಗಾದ್ರೆ ನನ್ನಿಂದ ಆಗುವುದಿಲ್ಲ. ಕೂರುವವರಿಲ್ಲದ ಸೀಟು ನಾನು ಹೊಲಿಯುವುದಿಲ್ಲ. ತಕೊಂಡು ಹೋಗಿ."

ಪೃಥ್ವಿ ತಬ್ಬಿಬ್ಬಾಗಿ, ಅದರಲ್ಲಿ ಕೂರಲೆಂದು ಮೈಸೂರಿನಿಂದ ಬಂದಿದ್ದ ತಾಯಿ ಕಾಂತಮ್ಮನನ್ನು ಮರುದಿನ ಕರೆತಂದ. ಅಳತೆ ಕೊಡಲು ಕೂತ ಕಾಂತಮ್ಮ ಮೊದಲು ತಮ್ಮ ಮಂಡಿನೋವಿನ ಸುದ್ದಿ ತೆಗೆದರು, ಆಮೇಲೆ ಸೊಸೆಯ ಸಾರಿನದು. ತುಳಸಿಯಮ್ಮ ಪಕ್ಕದ ಸೀಟಿನಲ್ಲಿ ಕೂತು, ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ಚಹಾ ತರಿಸಿದರು. ಅಳತೆ ತೆಗೆಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು.