ಕತ್ತಲಲ್ಲಿ ಕೂಗಿದವನು ನಾನೇ

"ಜನರೇಟರ್ ಹಾಕಿ ಮಾರಾಯ್ರೆ!"

ನಾನು ಹೀಗೆ ಕೂಗಿದಾಗ ಮಂಗಳೂರಿನ ಆ ಹಳೆಯ ರಂಗಮಂದಿರದಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅದು ನನ್ನ ಮೊಮ್ಮಗಳು ಶ್ರಾವ್ಯಾ ಕಟ್ಟಿದ ಮೊದಲ ಇಲೆಕ್ಟ್ರಾನಿಕ್ ಒಪೆರಾ. ಕಂಪ್ಯೂಟರಿನ ಸಂಗೀತಕ್ಕೆ ಹಾಡುತ್ತಲೇ ಕಥೆ ಸಾಗುತ್ತದೆ. ಮೀನುಗಾರನ ದೋಣಿ ಮುಳುಗಿದ್ದೇ ತಡ, ದೀಪವೂ ಸಂಗೀತವೂ ಒಟ್ಟಿಗೇ ನಿಂತವು. ಬಯಲಿನ ತುಳು ನಾಟಕ ನೋಡಿ ಬೆಳೆದ ನನಗೆ ಕರೆಂಟು ಹೋಯಿತೆಂದೇ ಅನಿಸಿತು. ನನ್ನ ಕೂಗು ಕೇಳಿ ಸುತ್ತಲಿನವರು ಮೊಬೈಲ್ ಟಾರ್ಚ್ ಬೇರೆ ಹಾಕಿದರು. ಆ ಬೆಳಕಿನಲ್ಲಿ, ಸಮುದ್ರ ಪಾಲಾಗಿದ್ದ ಮೀನುಗಾರ ಅಂಬೆಗಾಲಿಟ್ಟು ಪರದೆಯ ಹಿಂದಕ್ಕೆ ಹೋಗುತ್ತಿರುವುದು ಎಲ್ಲರಿಗೂ ಕಂಡಿತು. ಸಭೆ ಗೊಳ್ಳೆಂದು ನಕ್ಕಿತು.

ಆಟ ಮುಗಿದ ಮೇಲೆ ಶ್ರಾವ್ಯಾ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಆ ಮೌನ ತರ್ಲಿಕ್ಕೆ ಎಷ್ಟು ಕಷ್ಟ ಉಂಟು ಗೊತ್ತುಂಟಾ ಅಜ್ಜ?"

"ಸುಮ್ಮನಿರ್ಲಿಕ್ಕೆ ಎಂತ ಕಷ್ಟ ಮಗಾ?"

"ನೀವು ಇರುವಲ್ಲಿ ಕಷ್ಟವೇ," ಎಂದು ಅವಳು ಹೊರಟೇ ಹೋದಳು.

ಮರುದಿನ ಅವಳಿಗೆ ಹೇಳದೆ ಪುನಃ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ದೋಣಿ ಮುಳುಗಿತು, ಕತ್ತಲಾಯಿತು. ಈ ಸಲ ಯಾರೂ ಕೂಗಲಿಲ್ಲ. ಪಕ್ಕದ ಕುರ್ಚಿಯ ಹೆಂಗಸು ಬಿಕ್ಕಿದ್ದು ಕೇಳಿಸಿತು. ಹಿಂದಿನ ದಿನ ಮೊಮ್ಮಗಳಿಂದ ನಾನು ಕಸಿದದ್ದು ಏನೆಂದು ಆಗ ತಿಳಿಯಿತು.