ಮುಂದಿನ ಸಾಲಿನ ಮ್ವೀಂಗಾ

ಲುಸಾಕಾದಲ್ಲಿ ಡೇಟಾಬೇಸ್ ನೋಡಿಕೊಳ್ಳುವ ನಮ್ಮಂಥ ಸಂಬಳದವರು ತಿಂಗಳಿಗೊಂದು ಶನಿವಾರ ಸೇರಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುತ್ತೇವೆ. ನಾನು ಹೋಗುವುದು ಮುಖ್ಯವಾಗಿ ಚಹಾದ ಜೊತೆ ಬರುವ ಬಿಸಿ ವಿಟುಂಬುವಾ ಬೋಂಡಾಕ್ಕೆ. ನಮ್ಮಲ್ಲೇ ಹಿರಿಯರಾದ ಮ್ವೀಂಗಾ ಅವರು ಮಾತ್ರ ಇಸ್ತ್ರಿ ಮಾಡಿದ ಕೋಟು ತೊಟ್ಟು, ಎಲ್ಲರಿಗಿಂತ ಮೊದಲು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಭಾಷಣ ಯಾವುದರ ಮೇಲಿರಲಿ, ಬಡ್ತಿ ಗಿಟ್ಟಿಸುವ ಉಪಾಯದ ಮೇಲೇ ಇರಲಿ, ಕೊನೆಗೆ ಎದ್ದು ಅದೇ ಪ್ರಶ್ನೆ ಕೇಳುತ್ತಾರೆ: “ಬ್ಯಾಕಪ್ ಇಟ್ಟಿದೀರಿ, ಸಂತೋಷ. ಅದನ್ನ ಒಂದ್ಸಲನಾದ್ರೂ ವಾಪಸ್ ತಂದು ನೋಡಿದೀರಾ?” ಹಿಂದಿನ ಸಾಲಿನ ನಾವು ಅವರ ಜೊತೆಗೇ ಅದನ್ನು ರಾಗವಾಗಿ ಒಪ್ಪಿಸುತ್ತೇವೆ. ಅವರು ತಿರುಗಿ, “ಬಾಯಿಪಾಠ ಆಯ್ತಲ್ಲ, ಇನ್ನು ಮಾಡ್ರಯ್ಯಾ” ಎನ್ನುತ್ತಾರೆ. ಮೊನ್ನೆ ನನ್ನ ಚೊಚ್ಚಲ ಭಾಷಣ. ಮೂರನೇ ಸಾಲಿನಲ್ಲಿ ನನ್ನ ಮೇಲಧಿಕಾರಿ. ಹೊಸದಾಗಿ ಮದುವೆಯಾದ ಒಬ್ಬ ಗ್ರಾಹಕಿಯ ಹೆಸರು ತಿದ್ದಿ ತೋರಿಸಬೇಕಿತ್ತು. ಮೇಲಧಿಕಾರಿಯತ್ತ ನೋಡುತ್ತಲೇ, ಯಾರ ಹೆಸರು ತಿದ್ದಬೇಕು ಎಂದು ಹೇಳುವ ಸಾಲನ್ನೇ ಬಿಟ್ಟು ಗುಂಡಿ ಒತ್ತಿದೆ. ಪರದೆಯ ಮೇಲಿನ ಎರಡು ಸಾವಿರ ಗ್ರಾಹಕರೂ ಒಮ್ಮೆಗೇ ಶ್ರೀಮತಿ ಕಪಂಬ್ವೆ ಆಗಿಬಿಟ್ಟರು. “ಅಷ್ಟೂ ಜನಕ್ಕೆ ಒಬ್ಬನೇ ಗಂಡನೇನೋ?” ಎಂದು ಹಿಂದಿನಿಂದ ಯಾರೋ ಕೂಗಿದರು, ಸಭೆ ಬಿದ್ದು ಬಿದ್ದು ನಕ್ಕಿತು. ಮ್ವೀಂಗಾ ಎದ್ದರು, ಆದರೆ ಪ್ರಶ್ನೆ ಕೇಳಲಿಲ್ಲ. “ನಾನೂ ಹೀಗೇ ಒಂದು ಹೆರಿಗೆ ಆಸ್ಪತ್ರೆ ದಾಖಲೆ ಕೆಡಿಸಿದ್ದೆ. ಮೂರು ವರ್ಷದ ಬ್ಯಾಕಪ್ ಇತ್ತು, ಒಂದೂ ತೆರೀಲಿಲ್ಲ. ತಾಯಂದಿರು ಬಂದು ಮಗು ಹುಟ್ಟಿದ ದಿನ ಕೇಳ್ತಿದ್ರು, ನಾನು ತಲೆ ತಗ್ಗಿಸ್ತಿದ್ದೆ,” ಎಂದು ಸಭೆಗೆ ಹೇಳಿ ನನ್ನತ್ತ ತಿರುಗಿದರು. “ನೀನು ನಿಧಾನಕ್ಕೆ ವಾಪಸ್ ತಗೊಂಬಾರಪ್ಪಾ.” ಅವರ ಪ್ರಶ್ನೆಗೆ ಹೆದರಿ ಹಿಂದಿನ ದಿನವೇ ನನ್ನ ಬ್ಯಾಕಪ್ ವಾಪಸ್ ತಂದು ನೋಡಿಟ್ಟಿದ್ದೆ. ಹೆಸರುಗಳೆಲ್ಲ ಮರಳುವವರೆಗೂ ಅವರು ಕೂರಲಿಲ್ಲ. ಅಷ್ಟು ಹೊತ್ತೂ ಸಭೆ ನೋಡುತ್ತಿದ್ದುದು ನನ್ನನ್ನಲ್ಲ, ಅವರನ್ನು.